ಹಳೇ ಹುಡುಗರು

ಸಮವಸ್ತ್ರ ಅನ್ನುವ ಮಾತಿನ ಒಳಗೇ ಒಂದು ಆಸೆ ಇದೆ, ಒಂದು ಮೋಸವೂ ಇದೆ. ಎಲ್ಲರಿಗೂ ಒಂದೇ ಬಟ್ಟೆ ಹಾಕಿಸಿದರೆ ಎಲ್ಲರೂ ಸಮ ಆಗ್ತಾರೆ ಅನ್ನೋದು ಆಸೆ. ಬಟ್ಟೆ ಬಿಚ್ಚಿದ ಮೇಲೆ ಏನು ಉಳೀತದೆ ಅಂತ ಯಾರೂ ಕೇಳಬಾರದು ಅನ್ನೋದು ಮೋಸ. ಈ ಎರಡನ್ನೂ ತಲೆಯಲ್ಲಿ ಇಟ್ಟುಕೊಂಡು ಈಚೆಗೆ ನಾನು ನಮ್ಮದಲ್ಲದ ಒಂದು ಚರಿತ್ರೆಯ ಬೆನ್ನು ಹತ್ತಿದೆ. ಬಾಯ್ಸ್ ಬ್ರಿಗೇಡ್ ಅಂತ ಅದರ ಹೆಸರು. ಕ್ರೈಸ್ತರು ಕಟ್ಟಿದ ಹುಡುಗರ ದಳ.

ಸುಳಿವು ಕೊಟ್ಟವನು ನನ್ನ ಹಾಸ್ಟೆಲ್ ಗೆಳೆಯ. ಸಿಂಗಪುರದಲ್ಲಿ ಕಟ್ಟಡ ಕೆಲಸದ ಕಡೆ ಸೂಪರ್‌ವೈಸರ್ ಆಗಿದಾನೆ. ಒಂದು ರಾತ್ರಿ ಫೋನಿನಲ್ಲಿ ಹೇಳಿದ: "ನಮ್ ಮ್ಯಾನೇಜರಿಗೆ ಅರವತ್ತರ ಹತ್ರ ವಯಸ್ಸು ಕಣೋ. ಇನ್ನೊಬ್ಬ ಮುದುಕಪ್ಪ ಬಂದ್ರೆ ಇಬ್ರೂ ಸ್ಕೂಲ್ ಹುಡುಗ್ರ ಥರ ಆಡ್ತಾರೆ. ನಲವತ್ತೈದು ವರ್ಷದ ಹಿಂದೆ ಒಂದೇ ಕಂಪನಿ ಅಂತೆ. ಕಂಪನಿ ಅಂದ್ರೆ ಕೆಲ್ಸದ್ದಲ್ಲ, ಡ್ರಿಲ್ ಮಾಡೋದು." ಹದಿಮೂರರಲ್ಲಿ ಪಕ್ಕ ನಿಂತು ಕಾಲು ಕುಟ್ಟಿದವನು ಅರವತ್ತರಲ್ಲೂ ನನ್ನವನು ಅನ್ನಿಸಬೇಕಾದರೆ ನಡುವೆ ಏನು ನಡೆದಿರಬೇಕು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕಿಕೊಂಡು ಓದಿದೆ.

ಕಥೆ ಶುರುವಾಗೋದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ, 1883ರ ಅಕ್ಟೋಬರ್ 4ರಂದು. ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಎಂಬಾತನಿಗೆ ಆಗ ಇನ್ನೂ 28 ವರ್ಷ. ಹೊಟ್ಟೆಪಾಡಿಗೆ ವ್ಯಾಪಾರ, ಬಿಡುವಿನಲ್ಲಿ ಸ್ವಯಂಸೇವಕ ಸೈನ್ಯದ ಅಧಿಕಾರಿ, ಭಾನುವಾರ ಚರ್ಚಿನ ಸಂಡೇ ಸ್ಕೂಲಿನ ಮೇಷ್ಟ್ರು. ಸೈನ್ಯದಲ್ಲಿ ಇವನ ಮಾತಿಗೆ ನೂರು ಜನ ತಿರುಗುತ್ತಿದ್ದರು. ಸಂಡೇ ಸ್ಕೂಲಿನಲ್ಲಿ ಒಬ್ಬನೂ ತಿರುಗುತ್ತಿರಲಿಲ್ಲ. ಹದಿಮೂರು ಹದಿನಾಲ್ಕಕ್ಕೆ ಓದು ಬಿಟ್ಟು ದುಡಿಮೆಗೆ ಬಿದ್ದ ಹುಡುಗರು ಬೈಬಲ್ ಕೇಳೋದಕ್ಕೆ ಕೂರ್ತಾರೆಯೇ? ಕೀಟಲೆ, ಕೂಗಾಟ, ಆಮೇಲೆ ನಾಪತ್ತೆ. ಸ್ಮಿತ್ ಯೋಚಿಸಿದ್ದು ಸರಳ. ಪಾಠಕ್ಕೆ ಕವಾಯತು ಸೇರಿಸಿದರೆ? ತನ್ನ ಜೊತೆಗೆ ಜೇಮ್ಸ್ ಹಿಲ್, ಜಾನ್ ಹಿಲ್ ಅನ್ನೋ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಶುರು ಮಾಡಿಯೇಬಿಟ್ಟ. ಮೊದಲಿಗೆ 59 ಹುಡುಗರು ಬಂದರು. ಶಿಸ್ತು ಬಿಗಿಯಾದಂತೆ ಸುಮಾರು 35ಕ್ಕೆ ಇಳಿದರು. ಉಳಿದವರು ಉಳಿದೇ ಉಳಿದರು.

ನನಗೆ ಬಹಳ ಹಿಡಿಸಿದ್ದು ಅವರ ಬಟ್ಟೆಯ ಲೆಕ್ಕ. ಪೂರಾ ಸಮವಸ್ತ್ರ ಹೊಲಿಸೋ ಶಕ್ತಿ ಆ ಮನೆಗಳಿಗೆ ಇರಲಿಲ್ಲ. ಅದಕ್ಕೆ ಒಂದು ಗುಂಡು ಟೋಪಿ, ಸೊಂಟಕ್ಕೊಂದು ಬೆಲ್ಟು, ಹೆಗಲಿಗೊಂದು ಬಿಳಿ ಚೀಲ, ಅಷ್ಟೆ. ಮಿಕ್ಕಿದ್ದು ಅವರವರ ದಿನದ ಬಟ್ಟೆ, ತೇಪೆ ಇದ್ದರೆ ತೇಪೆಯದೇ. ಬಡತನವನ್ನು ಮುಚ್ಚಿಡದೆ ಅದರ ಮೇಲೇ ಬೆಲ್ಟು ಬಿಗಿದರು. ಬೆಲ್ಟಿನ ಹಿತ್ತಾಳೆ ಬಕಲ್ಲಿನ ಮೇಲೆ ಒಂದು ಲಂಗರು. ಇಬ್ರಿಯರಿಗೆ ಬರೆದ ಪತ್ರದಲ್ಲಿ ನಿರೀಕ್ಷೆಯನ್ನು ಲಂಗರಿಗೆ ಹೋಲಿಸಿದ ಮಾತಿದೆಯಲ್ಲ, ಅಲ್ಲಿಂದ ಬಂದ ಗುರುತು. ಆ ಬಕಲ್ಲನ್ನು ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಬೇಕಿತ್ತು. ಹಾಗಂತ ಇದು ಕಡುಬಡವರ ದಳ ಅಂತ ತಿಳಿಯಬೇಡಿ. ಹೆಚ್ಚಿನವರು ಕುಶಲ ಕಾರ್ಮಿಕರ, ಸಣ್ಣ ಗುಮಾಸ್ತರ ಮಕ್ಕಳು. ತೀರಾ ತಳದವರಿಗೆ ಟೋಪಿಯ ಕಾಸೂ ಭಾರವೇ. ತಳದವರನ್ನು ಮುಟ್ಟಿದೆವು ಅಂತ ಹೇಳಿಕೊಳ್ಳುವ ಎಲ್ಲ ಸೇವೆಗಳೂ ತಳಕ್ಕಿಂತ ಒಂದು ಮೆಟ್ಟಲು ಮೇಲೇ ನಿಂತುಬಿಡ್ತವೆ. ಇದು ಚರ್ಚಿಗೆ ಮಾತ್ರ ಅಂಟಿದ ರೋಗ ಅಲ್ಲ.

ದಳದ ಗುರಿಯನ್ನು ಬರೆದಿಟ್ಟ ವಾಕ್ಯದ ಕಥೆಯನ್ನು ಗೆಳೆಯರು ಗಮನಿಸಬೇಕು. ಶುರುವಿನಲ್ಲಿ ಇದ್ದದ್ದು ಭಕ್ತಿ, ಶಿಸ್ತು, ಸ್ವಾಭಿಮಾನ, ಅದರ ಜೊತೆಗೆ ಕ್ರೈಸ್ತ ಗಂಡಸುತನ. ಹತ್ತು ವರ್ಷ ಕಳೆದು 1893ರಲ್ಲಿ ಇನ್ನೊಂದು ಪದ ಬಂದು ಸೇರಿತು: ವಿಧೇಯತೆ. ಸೇರಿದ್ದು ಕೊನೆಯಲ್ಲಲ್ಲ, ಪಟ್ಟಿಯ ತಲೆಯ ಮೇಲೆ. ಹೀಗೆ ಸ್ವಾಭಿಮಾನ ಮೊದಲು ಹುಟ್ಟಿತು, ವಿಧೇಯತೆ ಆಮೇಲೆ ಬಂದು ಮುಂದೆ ಕೂತಿತು. ಗಂಡಸುತನ ಗುರಿಯಾದ ಮೇಲೆ ಹೆಣ್ಣುಮಕ್ಕಳಿಗೆ ಜಾಗ ಎಲ್ಲಿ? ಅವರು ಅದೇ 1893ರಲ್ಲಿ ಡಬ್ಲಿನ್ನಿನಲ್ಲಿ ತಮ್ಮದೇ ಗರ್ಲ್ಸ್ ಬ್ರಿಗೇಡ್ ಶುರು ಮಾಡಿಕೊಂಡರು.

ವಿಧೇಯತೆಗೆ ಬೆಲೆ ಕಟ್ಟುವ ದಿನವೂ ಬಂತು. ಹುಡುಗರು ಮೊದಲಿಂದ ಕವಾಯತು ಮಾಡುತ್ತಿದ್ದದ್ದು ನಕಲಿ ಬಂದೂಕು ಹಿಡಿದು. ಇದು ಬೇಡ ಅಂತ ಚರ್ಚುಗಳ ಒಳಗೇ ತಕರಾರು ಎದ್ದಿತ್ತು. ಬಂದೂಕಿನ ಬದಲು ಜೀವ ಉಳಿಸುವುದನ್ನು ಕಲಿಸೋಣ ಅಂತ 1899ರಲ್ಲಿ ಬಾಯ್ಸ್ ಲೈಫ್ ಬ್ರಿಗೇಡ್ ಅನ್ನೋ ಬೇರೆ ದಳವೇ ಹುಟ್ಟಿತು. ಸ್ಮಿತ್ ಸತ್ತದ್ದು 1914ರ ಮೇ ತಿಂಗಳಲ್ಲಿ. ಆಗಸ್ಟಿಗೆ ಯುದ್ಧ. ಗ್ಲಾಸ್ಗೋದಲ್ಲಿ ಒಂದೊಂದು ಬಳಗಕ್ಕೆ ಒಂದೊಂದು ಪಡೆ ಕಟ್ಟಿದರು. ಟ್ರಾಮ್ ನೌಕರರದ್ದು ಒಂದು, ವ್ಯಾಪಾರಸ್ಥರ ಕಡೆಯದು ಒಂದು, ಬಾಯ್ಸ್ ಬ್ರಿಗೇಡಿನ ಹಳೇ ಹುಡುಗರದ್ದು ಒಂದು. ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ 16ನೇ ಬೆಟಾಲಿಯನ್ ಅಂದರೆ ಇವರೇ. 1916ರ ಜುಲೈ 1ರಂದು ಫ್ರಾನ್ಸಿನ ಸಾಮ್ ರಣರಂಗದಲ್ಲಿ ಒಂದೇ ದಿನ ಈ ಪಡೆಯ 500ಕ್ಕೂ ಹೆಚ್ಚು ಜನ ಸತ್ತರು, ಇಲ್ಲವೇ ಗಾಯಗೊಂಡರು. ಒಟ್ಟಿಗೆ ಬೆಲ್ಟು ಉಜ್ಜಿದವರು ಒಟ್ಟಿಗೆ ಮಣ್ಣಾದರು. ಗೆಳೆತನ ಗಟ್ಟಿಯಾದಷ್ಟೂ ಸರ್ಕಾರಕ್ಕೆ ಸೈನ್ಯಕ್ಕೆ ಸೇರಿಸೋದು ಸಲೀಸು. ಪಕ್ಕದವನು ಹೊರಟ ಅಂದರೆ ಇವನು ಹೆಂಗೆ ನಿಂತಾನು?

ಇದೇ ಬೇರಿನಿಂದ ಚಿಗುರಿದ್ದು ಸ್ಕೌಟು. ಬೇಡನ್ ಪೊವೆಲ್‌ಗೆ ಹುಡುಗರ ಕಡೆ ಗಮನ ಹರಿಸು ಅಂತ ಒತ್ತಾಯ ಮಾಡಿದವರಲ್ಲಿ ಸ್ಮಿತ್ ಒಬ್ಬ. 1907ರ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲಿ ಅರ್ಧದಷ್ಟು ಹುಡುಗರು ಬ್ರಿಗೇಡಿನವರು, ಮಿಕ್ಕವರು ಸಿರಿವಂತರ ಮಕ್ಕಳು. ಎರಡು ವರ್ಗದವರನ್ನು ಬೇಕಂತಲೇ ಒಂದೇ ಡೇರೆಯಲ್ಲಿ ಬೆರೆಸಿದರು. ಅದೇ ಸ್ಕೌಟು 1909ರಲ್ಲಿ ಬೆಂಗಳೂರಿಗೆ ಬಂತು. ಭಾರತದ ಮೊದಲ ತಂಡ ಅದು, ಬಿಷಪ್ ಕಾಟನ್ ಶಾಲೆಯಲ್ಲಿ. ಇಲ್ಲಿ ಬೆರೆಸುವ ಮಾತೇ ಇರಲಿಲ್ಲ. ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ ಪ್ರವೇಶ. ಭಾರತೀಯ ಹುಡುಗರು ಸ್ಕೌಟು ಆಗೋದಕ್ಕೆ ಬೇರೆ ಸಂಘಗಳೇ ಹುಟ್ಟಬೇಕಾಯಿತು. ಇನ್ನೊಂದು ತಮಾಷೆ ನೋಡಿ. ಖಾಕಿ ಬಣ್ಣ ಹುಟ್ಟಿದ್ದು ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಅಂತ ಕರಾವಳಿಯವರು ಹೆಮ್ಮೆಯಿಂದ ಹೇಳ್ತಾರೆ. ಬಟ್ಟೆ ನೇಯೋ ಕೈ ನಮ್ಮದಾಗಬಹುದು, ಅದನ್ನು ತೊಟ್ಟು ಸಾಲಿನಲ್ಲಿ ನಿಲ್ಲೋ ಕಾಲು ಮಾತ್ರ ಬೇರೆಯವರದಾಗಿರಬೇಕು.

ಇನ್ನು ನನ್ನ ಗೆಳೆಯನ ಸಿಂಗಪುರ. ಅಲ್ಲಿ ಬಾಯ್ಸ್ ಬ್ರಿಗೇಡಿನ ಮೊದಲ ಕಂಪನಿ ಶುರುವಾದದ್ದು 1930ರ ಜನವರಿ 12ರಂದು, ಪ್ರಿನ್ಸೆಪ್ ಬೀದಿಯ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ. ಶುರು ಮಾಡಿದವನು ಜೇಮ್ಸ್ ಮಿಲ್ನರ್ ಫ್ರೇಸರ್. ಬಿಳಿಯರು ಕಟ್ಟಿದ್ದು ಬಿಳಿಯರು ಹೋದ ಮೇಲೆ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ. ಈಗ ಅಲ್ಲಿನ ಹೈಸ್ಕೂಲುಗಳಲ್ಲಿ ಇದು ಸಹಪಠ್ಯ ಚಟುವಟಿಕೆ. ಶಾಲೆಯಲ್ಲಿ ಕಂಪನಿ, ಅದರ ಬೆನ್ನಿಗೊಂದು ಚರ್ಚು. ಕಾಲೇಜಿಗೆ ಹೋದ ಹಳೇ ಹುಡುಗರು ಪ್ರೈಮರ್ ಅನ್ನೋ ಹೆಸರಿನಲ್ಲಿ ತಿರುಗಿ ಬಂದು ಚಿಕ್ಕವರಿಗೆ ಕಲಿಸ್ತಾರೆ. 1988ರಿಂದ ಪ್ರತಿ ವರ್ಷ ಕೊನೆಯಲ್ಲಿ ಬಡವರಿಗೆ ಉಡುಗೊರೆ, ದಿನಸಿ ಒಟ್ಟುಮಾಡಿ ಹಂಚುವ ಕೆಲಸ ನಡೆಸಿಕೊಂಡು ಬಂದಿದಾರೆ. ದಾನದ ರಾಜಕೀಯ ನನಗೆ ಸೇರೋದಿಲ್ಲ. ಕೊಡೋನ ಕೈ ಯಾವಾಗಲೂ ಮೇಲೇ ಇರ್ತದೆ. ಆದರೆ ಆ ತಿರುಗಿ ಬರೋದು ಇದೆಯಲ್ಲ, ಅದನ್ನು ನಾನು ಸುಮ್ಮನೆ ತಳ್ಳಿಹಾಕಲಾರೆ. ಬೆಸುಗೆಯ ಗುಟ್ಟು ಬಟ್ಟೆಯಲ್ಲೂ ಇಲ್ಲ, ಲಂಗರಿನಲ್ಲೂ ಇಲ್ಲ. ಇಪ್ಪತ್ತರವನು ಹದಿಮೂರರವನ ಹತ್ತಿರ ಬಂದು, ಅವನ ಬೆಲ್ಟು ಸರಿಮಾಡಿ, ಅವನ ಹೆಸರು ನೆನಪಿಟ್ಟುಕೊಳ್ತಾನೆ. ಹದಿಮೂರರವನಿಗೆ ಇಪ್ಪತ್ತಾದಾಗ ಅವನೂ ಬರ್ತಾನೆ.

ನಮಗೂ ಸಮವಸ್ತ್ರ ಕೊಟ್ಟರು. ಸರ್ಕಾರದ್ದು, ಪುಕ್ಕಟೆ, ಭುಜ ಒಂದು ಅಳತೆ, ತೋಳು ಇನ್ನೊಂದು ಅಳತೆ. ಆಗಸ್ಟ್ 15ರಂದು ಊರ ಮುಂದೆ ನಾವೆಲ್ಲ ಒಂದೇ ಸಾಲು. ಡ್ರಿಲ್ ಮೇಷ್ಟ್ರು ಎಡ ಬಲ ಅಂದರೆ ಗೌಡರ ಮಗನ ಕಾಲೂ ನನ್ನ ಕಾಲೂ ಒಟ್ಟಿಗೆ ಏಳ್ತಿದ್ದವು. ಪೆಪ್ಪರಮೆಂಟು ಹಂಚಿದ ಮೇಲೆ ಸಾಲು ಒಡೀತು. ಅವನು ಟೀ ಅಂಗಡಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಗಾಜಿನ ಲೋಟದಲ್ಲಿ ಕುಡಿದ. ನನಗೆ ಹೊರಗೆ ಪ್ಲಾಸ್ಟಿಕ್ ಕಪ್ಪು. ಇಬ್ಬರ ಮೈಮೇಲೂ ಅದೇ ಬಟ್ಟೆ. ಈಗ ಆ ಬ್ಯಾಚಿನ ಹಳೇ ವಿದ್ಯಾರ್ಥಿಗಳದ್ದು ಒಂದು ವಾಟ್ಸಾಪ್ ಗುಂಪಿದೆಯಂತೆ. ನಮ್ಮ ಕೇರಿಯ ಐದು ಜನರಲ್ಲಿ ಒಬ್ಬರ ನಂಬರೂ ಅದರಲ್ಲಿಲ್ಲ.

ನಮಗೆ ಉಳಿದದ್ದು ಹಾಸ್ಟೆಲ್ಲು. ತಿಗಣೆ, ನೀರು ಸಾರು, ಒಂದು ಕೋಣೆಗೆ ಹದಿನಾಲ್ಕು ಟ್ರಂಕು. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಹಾಸ್ಟೆಲ್ಲು ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ದಲಿತ ಚಳವಳಿಗೆ ಹುಡುಗರು ಬಂದದ್ದು ಇಂಥ ಕೋಣೆಗಳಿಂದಲೇ. ನನಗೆ ಬಿ.ಎ. ಪರೀಕ್ಷೆ ಫೀಸು ಕಟ್ಟಿದ್ದು ನಮ್ಮ ಹಾಸ್ಟೆಲ್ಲಿನಲ್ಲಿ ಮೊದಲು ಇದ್ದ ಒಬ್ಬ ಅಣ್ಣ. "ವಾಪಸ್ ಕೊಡ್ಬೇಡ ಕಣ್ಲಾ. ನಿನ್ ಹಿಂದೆ ಬರೋನಿಗೆ ಕಟ್ಟು" ಅಂದಿದ್ದರು.

ಆದರೆ ಇಂಥ ಅಣ್ಣಂದಿರು ಎಷ್ಟು ಜನ? 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ನೊಂದು ಮಾತಾಡಿದ್ದು ಓದಿದ ನಮ್ಮವರ ಬಗ್ಗೆಯೇ. ಸಾಲಿನಲ್ಲಿ ನಿಲ್ಲೋದರ ಬಲ ಅವರಿಗೆ ಗೊತ್ತಿತ್ತು. ಅವರ ತಂದೆ ಸುಬೇದಾರ್. ಸೈನ್ಯದ ಬಟ್ಟೆ ಒಂದು ಮಹಾರ್ ಮನೆಗೆ ಅಕ್ಷರ ತಂದುಕೊಟ್ಟದ್ದನ್ನು ಕಣ್ಣಾರೆ ಕಂಡವರು. 1927ರಲ್ಲಿ ಅವರು ಕಟ್ಟಿದ ಸಮತಾ ಸೈನಿಕ ದಳಕ್ಕೂ ಕವಾಯತು ಇತ್ತು, ಶಿಸ್ತು ಇತ್ತು. ಆದರೆ ಅಲ್ಲಿ ಶಿಸ್ತು ಇದ್ದದ್ದು ವಿಧೇಯತೆಗಲ್ಲ. ಯಾರಿಗೆ ತಲೆ ಬಾಗಬಾರದು ಅನ್ನೋದನ್ನು ಕಲಿಯೋದಕ್ಕೆ.

ಗೆಜೆಟೆಡ್ ಆದ ನಮ್ಮ ಹಳೇ ಹುಡುಗರು ಕಾರಿನ ಗಾಜು ಏರಿಸಿಕೊಂಡು ಹಾಸ್ಟೆಲ್ಲಿನ ಮುಂದೇ ಹೋಗ್ತಾರೆ. ಕೆಲವರು ಇಲ್ಲಿದ್ದೆ ಅಂತ ಹೆಂಡತಿ ಮಕ್ಕಳಿಗೂ ಹೇಳಿಲ್ಲ. ಅವರನ್ನು ಬೈಯೋದು ಸುಲಭ. ಹೇಳಿದರೆ ಬಾಡಿಗೆ ಮನೆ ಸಿಕ್ಕೋದಿಲ್ಲ ಅನ್ನೋದೂ ಸತ್ಯವೇ. ಸಿಂಗಪುರದ ಆ ಮ್ಯಾನೇಜರು ತನ್ನ ಕಂಪನಿಯ ನಂಬರನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ನಗಬಲ್ಲ. ನಮ್ಮವನಿಗೆ ತನ್ನ ಹಾಸ್ಟೆಲ್ಲಿನ ಹೆಸರು ಹೇಳಿದರೆ ಜಾತಿ ಹೇಳಿದ ಹಾಗೆ.

ಹೋದ ತಿಂಗಳಿಂದ ನಾವು ನಾಲ್ಕು ಜನ, ನಾನು, ಒಬ್ಬ ಪೋಸ್ಟ್‌ಮ್ಯಾನು, ಇಬ್ಬರು ಮೇಷ್ಟ್ರು, ಎರಡನೇ ಭಾನುವಾರ ಹಾಸ್ಟೆಲ್ಲಿಗೆ ಹೋಗೋಕೆ ಶುರು ಮಾಡಿದೀವಿ. ಫೀಸು ಕಟ್ಟಿದ ಅಣ್ಣನಿಗೆ ಹೇಳಿದಾಗ ಎರಡು ಡಜನ್ ನೋಟ್‌ಬುಕ್ಕು ಕಳಿಸಿದರು. ಮೊದಲ ಸಲ ಬಂದ ಹುಡುಗರು ಹದಿನೇಳು. ಇಂಗ್ಲಿಷ್ ವ್ಯಾಕರಣ ಒಂದೂವರೆ ಗಂಟೆ, ಆಮೇಲೆ ವಾಲಿಬಾಲ್. ನೆಟ್ಟು ಹರಿದಿದೆ. ಬಿ.ಕಾಂ. ಓದೋ ಮೂವರಿಗೆ ಲೆಕ್ಕಶಾಸ್ತ್ರ ಹೇಳಿಕೊಡೋರು ಬೇಕಂತೆ. ಓದುವವರಲ್ಲಿ ಯಾರಿಗಾದರೂ ಬರೋದಕ್ಕೆ ಆದರೆ ಪತ್ರಿಕೆಗೆ ಒಂದು ಕಾರ್ಡು ಹಾಕಿ.