ಕಂಡವರ ಹೊಲ

ಹಳೆಯ ಸೆಸ್ನಾ 172 ವಿಮಾನದ ಥ್ರಾಟಲ್ ಪೂರ್ತಿ ಹಿಂದಕ್ಕೆಳೆದು, ಎಂಜಿನ್ ಕೈಕೊಟ್ಟಿತೆಂದು ಭಾವಿಸಿಕೊಂಡು, ಇಳಿಯಲೊಂದು ಹೊಲ ಹುಡುಕುವ ಆಟ ನನಗೆ ಬಲು ಪ್ರಿಯ. ಇದನ್ನು ವಿವರಿಸಿ ಹೇಳಿದ ಮೇಲೆ ಹೆಂಡತಿ ಜೊತೆಗೆ ಬರುವುದನ್ನು ನಿಲ್ಲಿಸಿದ್ದಾಳೆ.

ಎಂಜಿನ್ ನಿಂತರೆ ವಿಮಾನ ದೊಪ್ಪನೆ ಬೀಳುತ್ತದೆಂದು ನಂಬಿದವರೇ ಹೆಚ್ಚು. ಹಾಗೇನಿಲ್ಲ. 3,000 ಅಡಿ ಎತ್ತರದಲ್ಲಿದ್ದರೆ, ಗಾಳಿಯಿಲ್ಲದ ದಿನ, ಸುಮಾರು 8 ಕಿಲೋಮೀಟರ್ ತೇಲಿಕೊಂಡು ಹೋಗಬಹುದು. ವೇಗ ಮಾತ್ರ 65 ನಾಟ್ ಆಸುಪಾಸಿನಲ್ಲೇ ಇರಬೇಕು. ಹೊಲ ದೂರವೆನಿಸಿದಾಗ ಕೈ ತಾನಾಗಿ ಮೂತಿ ಎತ್ತಲು ಹೋಗುತ್ತದೆ; ಎತ್ತಿದಿರೋ, ವೇಗ ಸತ್ತು ರೆಕ್ಕೆ ಹಿಡಿತ ಬಿಡುತ್ತದೆ.

ನಾನು ಹಾರುವುದು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಮೇಲೆ. ಪಾಲು ಕೇಳಲು ಬಂದ ದಾಯಾದಿಯ ಹಾಗೆ ಕಂಡವರ ಹೊಲಗಳನ್ನೆಲ್ಲ ಕಣ್ಣಲ್ಲೇ ಅಳೆಯುತ್ತೇನೆ. ಬಾದಾಮಿ ತೋಟ ಬೇಡ. ದ್ರಾಕ್ಷಿತೋಟ ಮೇಲಿನಿಂದ ಚಂದ, ಒಳಗೆಲ್ಲ ಗೂಟ ಮತ್ತು ತಂತಿ. ಉತ್ತ ಹೊಲವಾದರೆ ಸಾಲಿನ ಗುಂಟವೇ ಇಳಿಯಬೇಕು. ಅಡ್ಡ ಇಳಿದರೆ ಮೂತಿಚಕ್ರ ಸಿಕ್ಕಿಕೊಂಡು ವಿಮಾನ ಮಗುಚೀತು. ನನ್ನ ಆಸೆಯೆಲ್ಲ ಕೊಯ್ಲಾದ ಕುದುರೆಮಸಾಲೆ ಹೊಲದ ಮೇಲೆ. ಕರೆಂಟಿನ ತಂತಿ ಎತ್ತರದಿಂದ ಕಾಣುವುದೇ ಇಲ್ಲ, ಕಂಬ ನೋಡಿ ಊಹಿಸಬೇಕು. ಗಾಳಿಯ ದಿಕ್ಕನ್ನು ಟ್ರ್ಯಾಕ್ಟರ್ ಎಬ್ಬಿಸಿದ ಧೂಳು ಹೇಳುತ್ತದೆ, ಇಲ್ಲವೇ ನೀರಿನ ಹೊಂಡ: ಗಾಳಿ ಬರುವ ಕಡೆಯ ದಡದಲ್ಲಿ ನೀರು ನಯವಾಗಿರುತ್ತದೆ, ಎದುರು ದಡದಲ್ಲಿ ಅಲೆ.

ಹೊಲ ಗೊತ್ತಾದ ಮೇಲೆಯೇ ಎಂಜಿನ್ನಿನ ಯೋಗಕ್ಷೇಮ. ಇಂಧನ ಎರಡೂ ಟ್ಯಾಂಕಿನಿಂದ ಬರುತ್ತಿದೆಯೇ, ಇಂಧನ-ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್, ಕಿಡಿ ಕೊಡುವ ಮ್ಯಾಗ್ನೆಟೊ, ಕಾರ್ಬ್ಯುರೇಟರಿಗೆ ಬಿಸಿಗಾಳಿ ಊಡುವ ಕಾರ್ಬ್ ಹೀಟ್. ಬೆಚ್ಚಗಿನ ತೇವದ ದಿನದಲ್ಲೂ ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟಬಲ್ಲದು ಎಂದರೆ ನೆಂಟರು ನಂಬುವುದಿಲ್ಲ.

ನೆಲ ಬಿಟ್ಟ ಕೂಡಲೇ ಕೆಟ್ಟರೆ ಇಷ್ಟೆಲ್ಲ ಪುರುಸೊತ್ತು ಎಲ್ಲಿಯದು! 2015ರ ಮಾರ್ಚಿನಲ್ಲಿ ನಟ ಹ್ಯಾರಿಸನ್ ಫೋರ್ಡ್ ಸಾಂಟಾ ಮೋನಿಕಾದಿಂದ ಹಳೆಯ ರಯಾನ್ ವಿಮಾನದಲ್ಲಿ ಮೇಲೇರಿದ ಸ್ವಲ್ಪ ಹೊತ್ತಿಗೇ ಎಂಜಿನ್ ಸೋತಿತು. ಹತ್ತಿರದ ಗಾಲ್ಫ್ ಮೈದಾನಕ್ಕೆ ತಂದಿಳಿಸಿದರು. ಮರಕ್ಕೆ ತಾಗಿತು, ಗಾಯವಾಯಿತು, ಜೀವ ಉಳಿಯಿತು. ತನಿಖೆಯಲ್ಲಿ ಸಿಕ್ಕಿದ್ದು ಕಾರ್ಬ್ಯುರೇಟರಿನೊಳಗೆ ಸಡಿಲಗೊಂಡ, ಇಂಧನವನ್ನು ಅಳೆದು ಬಿಡುವ ಒಂದು ಪುಟ್ಟ ಜೆಟ್. ತೆರೆಯ ಮೇಲೆ ಅವರು ಮಾಡಿದ ಸಾಹಸಗಳಲ್ಲಿ ಯಾವುದೂ ನನಗೆ ಇದರಷ್ಟು ರುಚಿಸಿಲ್ಲ.

ಆಟದಲ್ಲೂ ನಡುನಡುವೆ ಥ್ರಾಟಲ್ ಕೊಟ್ಟು ಎಂಜಿನ್ ಬೆಚ್ಚಗಿಡಬೇಕು, ಇಲ್ಲದಿದ್ದರೆ ಆಟವೇ ನಿಜವಾದೀತು. 500 ಅಡಿಗೆ ಬರುವಷ್ಟರಲ್ಲಿ ಹೊಲ ಸಿಕ್ಕಿತೋ, ಕಾಲುವೆಗೆ ಬೀಳುತ್ತಿದ್ದೆನೋ ತಿಳಿದುಹೋಗಿರುತ್ತದೆ. ಥ್ರಾಟಲ್ ಪೂರ್ತಿ ತಳ್ಳಿ ಮೇಲೇರುತ್ತೇನೆ. ಕೆಳಗಿನ ರೈತ ತಲೆಯೆತ್ತಿ ಏನೆಂದು ಬೈಯುತ್ತಾನೋ, ಆ ಸದ್ದಿನಲ್ಲಿ ಕೇಳಿಸುವುದಿಲ್ಲ.