ಗಿರಣಿ ಎಂಜಿನ್ನಿನ ಕಾರು

ಕಾರಿನ ಎಂಜಿನ್ ಗಂಡಸರ ವಿಷಯ ಎಂಬ ನಂಬಿಕೆ ನಮ್ಮಲ್ಲಿದೆ. ಮದುವೆಮನೆಯ ಜಗಲಿಯಲ್ಲಿ ಗಂಡಸರು ಮೈಲೇಜು, ಗೇರು ಎಂದು ಶುರುಮಾಡಿದರೆ ನಾವು ಎಲೆ ಅಡಿಕೆ ತಟ್ಟೆ ಎತ್ತಿಕೊಂಡು ಒಳಗೆ ನಡೆಯುತ್ತೇವೆ. ಆದರೆ ಆ ಕಾರೇ ಮನೆಗೆ ಅನ್ನ ಹಾಕಬೇಕಾದ ದಿನ ಬಂದರೆ ಹೆಂಗಸೂ ಬಾನೆಟ್ ಎತ್ತಿ ನೋಡಲೇಬೇಕಾಗುತ್ತದೆ. ನಮ್ಮ ಅಕ್ಕನಿಗೆ ಅಂಥ ದಿನ ಬಂತು. ಅವಳ ಜೊತೆಗೆ ಹೋದ ತಪ್ಪಿಗೆ ನಾನೂ ಒಂದಿಷ್ಟು ಕಲಿತೆ.

ಅದು ಕಾಂಟೆಸಾ ಕಾರು. ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್‌ನವರೇ 1984ರಿಂದ 2002ರವರೆಗೆ ಅದನ್ನು ತಯಾರಿಸಿದರು. ಉದ್ದ ಮೂತಿ, ಅಗಲ ಮೈ, ಒಳಗೆ ಸೋಫಾದಂಥ ಸೀಟು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ವಿಕ್ಟರ್ ಕಾರಿನ ಅಚ್ಚು ಅದು. ಈಗಿನ ಹುಡುಗರು ಅದನ್ನು ನಮ್ಮ ದೇಶದ ‘ಮಸಲ್ ಕಾರು’ ಎನ್ನುತ್ತಾರೆ. ನಿಜವಾದ ಮಸಲ್ ಕಾರುಗಳು ಅಮೆರಿಕದವು. 1964ರಲ್ಲಿ ಪಾಂಟಿಯಾಕ್ ಜಿಟಿಓ ಎಂಬ ಕಾರು ಬಂತು. ಮಧ್ಯಮ ಗಾತ್ರದ ಮೈಗೆ ಆರೂವರೆ ಲೀಟರಿನಷ್ಟು ದೊಡ್ಡ ಎಂಜಿನ್ ಕೂರಿಸಿದ್ದರು. ಅಲ್ಲಿಂದ ಆ ಹುಚ್ಚು ಹಬ್ಬಿತು. ನಮ್ಮ ಕಾಂಟೆಸಾದ ಕಥೆ ಅದಕ್ಕೆ ತಿರುಗುಮುರುಗು. ಮೈ ದೊಡ್ಡದು, ಎಂಜಿನ್ ಸಣ್ಣದು. ಮೊದಲು ಬಂದ ಕಾಂಟೆಸಾಗಳಲ್ಲಿ ಇದ್ದದ್ದು ಅಂಬಾಸಿಡರಿನದೇ ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್. ಅಪ್ಪನ ಕೋಟು ತೊಟ್ಟ ಹುಡುಗನ ಹಾಗೆ! ಸಮತಟ್ಟು ರಸ್ತೆಯಲ್ಲಿ ಗಂಭೀರ, ಘಟ್ಟ ಹತ್ತುವಾಗ ಏದುಸಿರು.

ನಮ್ಮ ಭಾವನವರಿಗೆ ದಾವಣಗೆರೆಯಲ್ಲಿ ಹತ್ತಿಯ ದಲಾಲಿ ವ್ಯವಹಾರ. ನಾಲ್ಕು ಕಾಸು ಕೂಡಿದ್ದ ಕಾಲದಲ್ಲಿ, 1992ರಲ್ಲಿ, ಅಂಥದೊಂದು ಹಳೆಯ ಕಾಂಟೆಸಾ ಕೊಂಡರು. ಅದರ ಸದ್ದಿಲ್ಲದ ಓಟದ ಮೇಲೆ ಅವರಿಗೆ ಬಹಳ ಪ್ರೀತಿ. ಸಿಗ್ನಲ್ಲಿನಲ್ಲಿ ನಿಂತಾಗ, ‘ಎಂಜಿನ್ ನಡೀತಿದೆಯೋ ಇಲ್ಲವೋ ಹೇಳು ನೋಡೋಣ’ ಎಂದು ನನ್ನನ್ನು ಪರೀಕ್ಷೆ ಮಾಡುತ್ತಿದ್ದರು. 1995ರಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ತೊದಲಾಯಿತು. ಆಗ ಅವರಿಗೆ ನಲವತ್ತಾರು, ಅಕ್ಕನಿಗೆ ಮೂವತ್ತೆಂಟು. ಮಗಳು ಎಂಟನೇ ಕ್ಲಾಸು, ಮಗ ಐದನೇ ಕ್ಲಾಸು. ವ್ಯವಹಾರ ಪಾಲುದಾರರ ಕೈಗೆ ಹೋಯಿತು. ಮನೆಯಲ್ಲಿ ಉಳಿದದ್ದು ಶೆಡ್ಡಿನ ಕಾರು.

‘ಮಾರಿಬಿಡು’ ಎಂದು ಎಲ್ಲರೂ ಹೇಳಿದರು. ಅಕ್ಕನಿಗೆ ಅದು ಸರಿಕಾಣಲಿಲ್ಲ. ಮಾರಿದ ದುಡ್ಡು ಎರಡು ವರ್ಷಕ್ಕೆ ಕರಗುತ್ತದೆ, ಟ್ಯಾಕ್ಸಿ ಬಿಟ್ಟರೆ ತಿಂಗಳು ತಿಂಗಳು ಬರುತ್ತದೆ ಎಂಬುದು ಅವಳ ಲೆಕ್ಕ. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ತಾನೇ ಜಿಲ್ಲೆಯಾದದ್ದು 1997ರಲ್ಲಿ. ಕಚೇರಿ ಕೆಲಸಕ್ಕೆ ದುರ್ಗಕ್ಕೆ, ವ್ಯಾಪಾರಕ್ಕೆ ಬೆಂಗಳೂರಿಗೆ, ದೊಡ್ಡ ಕಾಯಿಲೆಯಾದರೆ ಮಣಿಪಾಲಕ್ಕೆ ಬಾಡಿಗೆ ಕಾರು ಕೇಳುವವರು ಸಾಕಷ್ಟು ಇದ್ದರು. ಆದರೆ ಪೆಟ್ರೋಲಿನಲ್ಲಿ ಟ್ಯಾಕ್ಸಿ ಓಡಿಸಿದರೆ ಗಂಟಲಿಗೆ ಹಗ್ಗ. ಸರ್ಕಾರವೇ ಬೆಲೆ ಕಟ್ಟುತ್ತಿದ್ದ ಆ ಕಾಲದಲ್ಲಿ ಡೀಸೆಲಿಗೆ ಪೆಟ್ರೋಲಿನ ಅರ್ಧ ಬೆಲೆಯೂ ಇರಲಿಲ್ಲ. ಹಾಗಾಗಿ ಊರೂರಲ್ಲೂ ಪೆಟ್ರೋಲ್ ಅಂಬಾಸಿಡರಿನ ಎಂಜಿನ್ ಇಳಿಸಿ, ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಏರಿಸುವ ಮೇಸ್ತ್ರಿಗಳು ಹುಟ್ಟಿಕೊಂಡಿದ್ದರು.

ನಾನು ಮಕ್ಕಳ ರಫ್ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಬೆಂಗಳೂರಿಗೆ ಇನ್ನೂರ ಅರವತ್ತು ಕಿಲೋಮೀಟರು. ಲೀಟರಿಗೆ ಎಂಟು ಕಿಲೋಮೀಟರಿನಂತೆ ಪೆಟ್ರೋಲ್ ಮೂವತ್ತೆರಡೂವರೆ ಲೀಟರು ಬೇಕು. ಡೀಸೆಲ್ ಹನ್ನೆರಡು ಕೊಟ್ಟರೆ ಇಪ್ಪತ್ತೆರಡು ಲೀಟರು ಸಾಕು, ಅದೂ ಅರ್ಧ ಬೆಲೆಗೆ. ಒಟ್ಟು ಖರ್ಚು ಸುಮಾರು ಮೂರರಲ್ಲೊಂದು ಪಾಲು. ಇದನ್ನು ಭಾವನವರಿಗೆ ತೋರಿಸಿದೆವು. ಅವರು ಕಾಗದವನ್ನು ನೋಡಲೇ ಇಲ್ಲ. ತೊದಲು ಮಾತಿನಲ್ಲೇ ಸ್ಪಷ್ಟವಾಗಿ ಹೇಳಿದರು: ‘ಮಾರು ಬೇಕಾದ್ರೆ. ಗಿರಣಿ ಎಂಜಿನ್ ಮಾತ್ರ ಹಾಕಿಸಬ್ಯಾಡ.’

ಅಕ್ಕ ಅವತ್ತು ವಾದ ಮಾಡಲಿಲ್ಲ. ಎಂಟು ದಿನ ಬಿಟ್ಟು, ಅವರಿಗೆ ಊಟ ಮಾಡಿಸುತ್ತಾ, ‘ಮಗಳು ಮುಂದೆ ಓದೋದು ಬ್ಯಾಡ ಅನ್ರಿ, ಎಂಜಿನ್ ಹಾಕ್ಸೋದಿಲ್ಲ’ ಎಂದಳು. ಅವರು ಬಹಳ ಹೊತ್ತು ಗೋಡೆ ನೋಡಿದರು. ಮಾರನೆಯ ದಿನ ಕಾರನ್ನು ಅಕ್ಕನ ಹೆಸರಿಗೆ ಮಾಡಿಸುವ ಅರ್ಜಿಗಳನ್ನು ತರಿಸಿದೆವು. ಲಕ್ಷಾಂತರ ರೂಪಾಯಿಯ ಹತ್ತಿಗೆ ರುಜು ಹಾಕಿದ ಮನುಷ್ಯ ಎಡಗೈ ಹೆಬ್ಬೆಟ್ಟು ಒತ್ತಿದರು. ಸಾಕ್ಷಿಯ ರುಜು ನನ್ನದು. ನನ್ನ ಚೀಟಿಯ ದುಡ್ಡು ಇಪ್ಪತ್ತೈದು ಸಾವಿರ ಬಂದಿತ್ತು, ಅಕ್ಕನ ಎರಡು ಬಳೆ ಹೋದವು. ಅಲ್ಲಿಗೆ ಹಣ ಹೊಂದಿತು.

ಪಿ.ಬಿ. ರಸ್ತೆಯ ಗ್ಯಾರೇಜಿಗೆ ಅಕ್ಕ ಒಬ್ಬಳೇ ಹೋಗಲು ಹಿಂಜರಿದಳು. ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನೂ ಹೋಗುತ್ತಿದ್ದೆ. ಮೇಸ್ತ್ರಿ ವಯಸ್ಸಾದವರು. ‘ಟೀಚರಮ್ಮ, ಕೂತ್ಕಳ್ರಿ’ ಎಂದು ಟೈರಿನ ಮೇಲೆ ಪೇಪರ್ ಹಾಸಿ ಕೊಡುತ್ತಿದ್ದರು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ ಎಂದಾಗ, ಮತ್ತೆ ಬೆಂಕಿ ಹೇಗೆ ಹತ್ತುತ್ತದೆ ಎಂದು ಕೇಳಿದೆ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ತಂದು, ತುದಿಯನ್ನು ಬೆರಳಿನಿಂದ ಮುಚ್ಚಿ ನಾಲ್ಕು ಸಲ ಒತ್ತಿ, ನನ್ನ ಕೈಗೆ ಮುಟ್ಟಿಸಿದರು. ಪಂಪಿನ ತಳ ಬಿಸಿಯಾಗಿತ್ತು. ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಅದನ್ನು ಎಂಟೊಂಬತ್ತು ಪಟ್ಟು ಒತ್ತಿದರೆ, ಡೀಸೆಲಿನಲ್ಲಿ ಇಪ್ಪತ್ತು ಪಟ್ಟಿನ ಆಸುಪಾಸು. ಕಾದ ಆ ಗಾಳಿಗೆ ಡೀಸೆಲನ್ನು ಸಣ್ಣಗೆ ಚಿಮುಕಿಸಿದರೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಮುಂದೆ ಎಷ್ಟೋ ವರ್ಷ ತರಗತಿಯಲ್ಲಿ ಈ ಪಂಪಿನ ಪಾಠವನ್ನೇ ನಾನು ಮಾಡಿದ್ದೇನೆ.

ಒಂದು ತೆಗೆದು ಇನ್ನೊಂದು ಇಟ್ಟರೆ ಮುಗಿಯಿತು ಎಂದುಕೊಂಡಿದ್ದ ನಮಗೆ ಮೇಸ್ತ್ರಿಯ ಪಟ್ಟಿ ಕೇಳಿ ಗಾಬರಿಯಾಯಿತು. ಅಷ್ಟು ಒತ್ತಡ ತಾಳಬೇಕಾದ್ದರಿಂದ ಡೀಸೆಲ್ ಎಂಜಿನ್ನಿನ ಮೈ ದಪ್ಪ, ತೂಕ ಹೆಚ್ಚು. ಮುಂದಿನ ಸ್ಪ್ರಿಂಗು ಗಟ್ಟಿ ಮಾಡಬೇಕು. ಅದುರುವುದು ಜಾಸ್ತಿ, ಅದನ್ನು ಕೂರಿಸುವ ಫೌಂಡೇಶನ್ನಿಗೆ ಹೊಸ ಪಟ್ಟಿ ಬೆಸೆದು ದಪ್ಪ ರಬ್ಬರು ಕೊಡಬೇಕು. ಗೇರ್‌ಬಾಕ್ಸೂ ಬೇರೆಯದೇ ಆದ್ದರಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಲೇತಿನಲ್ಲಿ ಕತ್ತರಿಸಿ ಸಮತೂಕ ಮಾಡಿಸಬೇಕು. ಬ್ಯಾಟರಿ ದೊಡ್ಡದು ಬೇಕು. ಒಂದು ಮಾತ್ರ ಅನುಕೂಲವಾಗಿತ್ತು. ವಿಲಾಯಿತಿಯಲ್ಲಿ ಇದೇ ಮೈಗೆ ಆರು ಸಿಲಿಂಡರಿನ ಎಂಜಿನ್ನನ್ನೂ ಕೂರಿಸುತ್ತಿದ್ದರಾದ್ದರಿಂದ ಬಾನೆಟ್ಟಿನೊಳಗೆ ಜಾಗಕ್ಕೆ ಬರವಿರಲಿಲ್ಲ.

ಕೊನೆಗೆ ಬಂದದ್ದು ಬ್ರೇಕು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಹೀರುವ ಎಳೆತವೇ ಬ್ರೇಕ್ ಒತ್ತುವ ಕಾಲಿಗೆ ಬಲ ಕೊಡುತ್ತದೆ. ಡೀಸೆಲ್ ಎಂಜಿನ್ ತಡೆಯಿಲ್ಲದೆ ಗಾಳಿ ಎಳೆದುಕೊಳ್ಳುವುದರಿಂದ ಆ ಎಳೆತ ಸಾಲದು, ಬೇರೆ ವ್ಯಾಕ್ಯೂಮ್ ಪಂಪು ಬೇಕು. ಇನ್ನೊಂದು ಗ್ಯಾರೇಜಿನವನು, ಪಂಪಿಲ್ಲದೆ ಮೂರು ಸಾವಿರ ಕಡಿಮೆಗೆ ಮಾಡಿಕೊಡುತ್ತೇನೆ ಎಂದಿದ್ದ. ನಮ್ಮ ಮೇಸ್ತ್ರಿ ಖಂಡಿತವಾಗಿ ಹೇಳಿದರು: ‘ಎಂಜಿನ್ ಕೆಟ್ರೆ ಗಾಡಿ ನಿಲ್ತದೆ ಅಕ್ಕಾರೆ. ಬ್ರೇಕ್ ಕೆಟ್ರೆ ನಿಲ್ಲೋದಿಲ್ಲ.’ ಅಕ್ಕ ಪಂಪಿಗೆ ಒಪ್ಪಿದಳು, ಆ ವರ್ಷ ದೀಪಾವಳಿಗೆ ಯಾರಿಗೂ ಹೊಸಬಟ್ಟೆಯಿಲ್ಲ.

ಕಾಗದಪತ್ರದಲ್ಲೂ ಅವಳು ಹಾಗೆಯೇ. ಎಂಜಿನ್ ಬದಲಿಸಲು ಸಾರಿಗೆ ಕಚೇರಿಯ ಅನುಮತಿ ಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಹೇಳದೆ ಓಡಿಸುವವರು ಎಷ್ಟೋ ಜನ ಇದ್ದರು. ಅಕ್ಕ ಮೂರು ಸಲ ಅಲೆದು, ಬ್ರೇಕ್ ಇನ್‌ಸ್ಪೆಕ್ಟರರ ಮುಂದೆ ಗಾಡಿ ಓಡಿಸಿ ತೋರಿಸಿ, ಆರ್.ಸಿ. ಪುಸ್ತಕದಲ್ಲಿ ಪೆಟ್ರೋಲ್ ಎಂದಿದ್ದುದನ್ನು ಡೀಸೆಲ್ ಎಂದು ಬರೆಸಿ, ಹೊಸ ಎಂಜಿನ್ ನಂಬರಿಗೆ ಮೊಹರು ಹಾಕಿಸಿದಳು. ಆಮೇಲೆ ಹಳದಿ ಬೋರ್ಡು ಬಂತು.

ಕಾರು ಮನೆಗೆ ಬಂದ ಸಂಜೆ ಓಣಿಯೇ ನಡುಗಿತು. ಕಟಕಟ ಸದ್ದು, ಕರಿ ಹೊಗೆ. ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ, ಕಿಡಿಯೇ ಇಲ್ಲವಲ್ಲ! ಒಂದು ಗುಬುಟು ಎಳೆದು ಡೀಸೆಲ್ ತಡೆದರೆ ಮಾತ್ರ ನಿಲ್ಲುತ್ತದೆ. ಭಾವನವರು ಮುಖ ತಿರುಗಿಸಿ ಒಳಗೆ ಕರೆದೊಯ್ಯಲು ಸನ್ನೆ ಮಾಡಿದರು. ಐದಾರು ತಿಂಗಳು ಅವರು ಆ ಕಾರಿನಲ್ಲಿ ಕೂರಲಿಲ್ಲ. ಆಸ್ಪತ್ರೆಗೆ ಆಟೋದಲ್ಲೇ ಹೋದರು.

ಆದರೆ ಜಗಲಿಯ ಕುರ್ಚಿಯಲ್ಲಿ ಕೂತವರ ಕಿವಿಗೆ ಏನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಡ್ರೈವರ್ ಹುಡುಗ ಎಂಜಿನ್ ಬಿಸಿಮಾಡುತ್ತಿದ್ದಾಗ ಎಡಗೈಯಿಂದ ಅವನನ್ನು ಕರೆದು, ‘ನಾಜಲ್, ನಾಜಲ್’ ಎಂದರು. ಅವನಿಗೆ ತಿಳಿಯಲಿಲ್ಲ. ಒಂದೊಂದೇ ನಾಜಲ್ಲಿನ ಪೈಪು ಸಡಿಲಿಸುವಂತೆ ಹೇಳಿದರು. ಮೂರನೆಯದನ್ನು ಸಡಿಲಿಸಿದಾಗ ಬಡಿತ ನಿಂತಿತು. ಅದರ ತುದಿ ಹಾಳಾಗಿ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಅವತ್ತಿನಿಂದ ಬೆಳಿಗ್ಗೆ ಆರಕ್ಕೆ ಅವರಿಗೆ ಕಾಫಿ ಜಗಲಿಯಲ್ಲೇ. ಡ್ರೈವರು ‘ಸಾರ್, ಹೋಗ್ಲಾ?’ ಎಂದು ಕೇಳಿ, ಅವರು ತಲೆಯಾಡಿಸಿದ ಮೇಲೆಯೇ ಗಾಡಿ ತೆಗೆಯುತ್ತಿದ್ದ. ಸದ್ದೇ ಇಲ್ಲದ ಹಳೆಯ ಎಂಜಿನ್ನಾಗಿದ್ದರೆ ಅವರಿಗೆ ಈ ಕೆಲಸ ಸಿಗುತ್ತಿರಲಿಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಅಕ್ಕನೂ ಕಲಿತಳು. ಒಮ್ಮೆ ಮಣಿಪಾಲದಿಂದ ಬರುವಾಗ ಡೀಸೆಲ್ ಮುಗಿದು ಗಾಡಿ ನಿಂತಿತು. ಡೀಸೆಲ್ ತಂದು ತುಂಬಿದರೂ ಹೊರಡಲಿಲ್ಲ, ಪೈಪಿನೊಳಗೆ ಗಾಳಿ ಸೇರಿತ್ತು. ಡ್ರೈವರು ಹೊಸಬ. ಅಕ್ಕ ಸೆರಗು ಸಿಕ್ಕಿಸಿ ಇಳಿದು, ಫಿಲ್ಟರಿನ ತಿರುಪು ಸಡಿಲಿಸಿ, ಕೈಪಂಪು ಒತ್ತುತ್ತಾ ಗುಳ್ಳೆ ನಿಲ್ಲುವ ತನಕ ಕಾದು, ಮತ್ತೆ ಬಿಗಿ ಮಾಡಿದಳು. ಕೈತುಂಬ ಡೀಸೆಲ್ ವಾಸನೆ. ಮನೆಗೆ ಬಂದು ಸೀಗೆಪುಡಿ ಹಚ್ಚಿ ತೊಳೆದರೂ ಹೋಗಲಿಲ್ಲವಂತೆ.

ಕಾರು 2009ರವರೆಗೆ, ಹದಿಮೂರು ವರ್ಷ ದುಡಿಯಿತು. ಮಗಳು ನರ್ಸಿಂಗ್ ಓದಿದಳು, ಮಗ ಡಿಪ್ಲೊಮಾ ಮಾಡಿದ. 2010ರಲ್ಲಿ ಭಾವನವರು ತೀರಿಕೊಂಡರು. ಅಕ್ಕ ಗಾಡಿಯನ್ನು ಬಿಳಿ ಬೋರ್ಡಿಗೆ ಬದಲಿಸಿ ಶೆಡ್ಡಿನಲ್ಲಿಟ್ಟಳು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತವನ್ನೂ ಬಿಟ್ಟಿತು. ಆ ಹೊಗೆ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2012ರಲ್ಲೇ ಸಾರಿತ್ತು. ಅದನ್ನು ಓದಿದಾಗ ನನಗೆ ನೆನಪಾದದ್ದು ಗ್ಯಾರೇಜಿನ ಹುಡುಗರು. ದಿನವಿಡೀ ಅದನ್ನೇ ಕುಡಿದವರು ಅವರು.

ಅಮೆರಿಕದಲ್ಲಿ ಈಗ ಹಳೆಯ ಮಸಲ್ ಕಾರುಗಳಿಗೆ ಕಮಿನ್ಸ್ ಡೀಸೆಲ್ ಎಂಜಿನ್ ಕೂರಿಸುವ ಹವ್ಯಾಸಿಗಳಿದ್ದಾರೆ ಎಂದು ಅಕ್ಕನ ಮಗ ಹೇಳುತ್ತಾನೆ. ಅವರಿಗೆ ಅದು ಭಾನುವಾರದ ಸಂತೋಷ, ನಮ್ಮ ಊರುಗಳಲ್ಲಿ ಅದು ಸೋಮವಾರದ ಅಕ್ಕಿಯಾಗಿತ್ತು. ಆದರೆ ಸ್ಪ್ರಿಂಗು, ಶಾಫ್ಟು, ಬ್ರೇಕಿನ ಚಿಂತೆ ಇಬ್ಬರಿಗೂ ಒಂದೇ. ಬಡತನಕ್ಕೆ ಮಾಡಿದ ಕೆಲಸ ಎಂದ ಮಾತ್ರಕ್ಕೆ ಅದು ಒರಟು ಕೆಲಸವಾಗಬೇಕಿಲ್ಲ ಎಂಬುದನ್ನು ನಾನು ಆ ಮೇಸ್ತ್ರಿಯಲ್ಲೂ ಅಕ್ಕನಲ್ಲೂ ಕಂಡೆ.

2022ರಲ್ಲಿ ಬೆಂಗಳೂರಿನ ಹುಡುಗನೊಬ್ಬ ಹುಡುಕಿಕೊಂಡು ಬಂದ. ಕಾರಿನ ಉದ್ದ ಮೂತಿ ಸವರಿ, ‘ಇದನ್ನ ನಿಜವಾದ ಮಸಲ್ ಕಾರು ಮಾಡ್ತೀನಿ ಆಂಟಿ’ ಎಂದು ಬಾನೆಟ್ ಎತ್ತಿದವನು, ‘ಇದ್ಯಾವ ಎಂಜಿನ್?’ ಎಂದು ಹುಬ್ಬು ಗಂಟಿಕ್ಕಿದ.

‘ಗಿರಣಿ ಎಂಜಿನ್ನಪ್ಪ’ ಎಂದಳು ಅಕ್ಕ. ‘ನಮ್ಮನೆ ಹಿಟ್ಟು ಹದಿಮೂರು ವರ್ಷ ಇದೇ ಬೀಸಿದ್ದು.’

ತೆಗೆದು ಬೇರೆ ಹಾಕಬಹುದಾ ಎಂದು ಅವನು ಸಂಕೋಚದಿಂದ ಕೇಳಿದ. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿದೆ. ಅದು ಅಕ್ಕನಿಗೂ ಗೊತ್ತು. ಒಳಗೆ ಹೋಗಿ ಆರ್.ಸಿ. ಪುಸ್ತಕ ತಂದು, ಮೊಹರಿದ್ದ ಪುಟ ತೆರೆದು ಅವನ ಕೈಗಿಟ್ಟಳು. ‘ಮೊದ್ಲು ಇಲ್ಲಿ ಬರೆಸಿಕೊಂಡು ಬಾ. ಬರೆದುಕೊಟ್ರೆ ಬಿಚ್ಚು’ ಎಂದಳು.