ಇಕ್ಕಳದ ಹುಳ ತಿಂದದ್ದೇನು?

ಹುಳ ಕಂಡ ಕೂಡಲೇ ಔಷಧಿ ಹೊಡೆಯುವುದು ನಮ್ಮ ಕಡೆ ರೂಢಿ. ಅದು ತಿನ್ನುವುದೇನು ಎಂದು ಕೇಳುವವರು ಕಡಿಮೆ; ನಾನೂ ಕೇಳಲಿಲ್ಲ.

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಆ ಮಳೆಗಾಲ ಬಬ್ಬೂರಿನ ನಮ್ಮ ತೋಟದ ಮಣ್ಣು ಆರಲೇ ಇಲ್ಲ. ಬುಡಕ್ಕೆ ಹೊದಿಸಿದ ತೆಂಗಿನ ಗರಿ ಎತ್ತಿದರೆ ಕಂದುಗಪ್ಪು ಹುಳಗಳು, ಬಾಲದ ತುದಿಗೆ ಇಕ್ಕಳ. ಪುಸ್ತಕದಲ್ಲಿ ಇಯರ್‌ವಿಗ್ ಅನ್ನುತ್ತಾರೆ. ಕಿವಿಯೊಳಗೆ ನುಗ್ಗಿ ಮಿದುಳು ಕೊರೆಯುತ್ತದೆ ಎಂಬುದೆಲ್ಲ ಸುಳ್ಳು.

ಅಂಚಿನ ಮೆಕ್ಕೆಜೋಳದ ಎಲೆ ತೂತಾಗಿತ್ತು. ಸುಳಿ ಬಿಡಿಸಿದರೆ ಇದೇ ಹುಳ ಕೂತಿತ್ತು. ನನಗೆ ಅಷ್ಟೇ ಸಾಕ್ಷಿ ಸಾಕಾಯಿತು. ಬುಡಕ್ಕೂ ಸುಳಿಗೂ ಔಷಧಿ ಸುರಿದೆ, ಗರಿಯನ್ನೆಲ್ಲ ಒಟ್ಟಿ ಬೆಂಕಿ ಹಚ್ಚಿದೆ. ಒಟ್ಟುವಾಗ ಒಂದು ಗರಿಯಡಿ, ಸಣ್ಣ ಗುಳಿಯಲ್ಲಿ, ಬಿಳಿ ಮೊಟ್ಟೆಗಳ ಗುಡ್ಡೆಯನ್ನು ಮೈಯಿಂದ ಸುತ್ತಿಕೊಂಡು ತಾಯಿಹುಳ ಮಲಗಿತ್ತು. ಬೂಷ್ಟು ಹಿಡಿಯದಂತೆ ಅದು ಮೊಟ್ಟೆಗಳನ್ನು ನೆಕ್ಕುತ್ತಲೇ ಇರುತ್ತದೆ, ಮರಿಯಾಗುವವರೆಗೆ ಬಿಟ್ಟು ಕದಲುವುದಿಲ್ಲ. ಇದನ್ನು ತಿಳಿದದ್ದು ಆಮೇಲೆ. ಆ ಗುಳಿಯನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಇಕ್ಕಳದ ಹುಳ ಹೋದವು, ತೂತು ಮಾತ್ರ ಹೆಚ್ಚಿತು. ಸುಳಿಯ ತುಂಬ ಮರದ ಹೊಟ್ಟಿನಂಥ ಒದ್ದೆ ಹಿಕ್ಕೆ. ಅದರೊಳಗಿನ ಕೀಡೆಯನ್ನು ಅಂಗೈಗೆ ಹಾಕಿಕೊಂಡು ನೋಡಿದೆ: ತಲೆಯ ಮೇಲೆ ತಿರುಗಿಸಿಟ್ಟ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಸೈನಿಕ ಹುಳು. ಅಮೆರಿಕ ಖಂಡದ ಈ ಪೀಡೆ ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲೇ. ಅದರ ಮೊಟ್ಟೆಯನ್ನೂ ಎಳೆಮರಿಯನ್ನೂ ಹುಡುಕಿ ತಿನ್ನುವುದು ಯಾರು? ಸುಳಿಯಲ್ಲಿ ಕೂತಿದ್ದ ಇಕ್ಕಳದ ಹುಳ. ತೆಂಗಿನ ಗರಿಯಲ್ಲಿ ಕಪ್ಪುತಲೆ ಹುಳುವನ್ನು ಬೇಟೆಯಾಡುವುದೂ ಇದರ ಬಳಗವೇ. ಕಾವಲಿದ್ದವರನ್ನು ಕೊಂದು ಕಳ್ಳರಿಗೆ ಬಾಗಿಲು ತೆಗೆದಿದ್ದೆ. ಆ ಸಲ ತೆನೆ ಕಟ್ಟಿದ್ದು ಅಷ್ಟಕ್ಕಷ್ಟೇ.

ಹಾಗಂತ ಇವನ್ನು ಕಣ್ಣುಮುಚ್ಚಿ ಸಾಕುವಂತೆಯೂ ಇಲ್ಲ. ಇದೇ ಬಳಗದ ಇನ್ನೊಂದು ಜಾತಿ ಶೇಂಗಾದ ಎಳೆಕಾಯಿಗೆ ತೂತು ಕೊರೆದು ಬೀಜ ತಿಂದುಬಿಡುತ್ತದೆ. ಹೂವಿನ ಎಸಳು, ಎಳೆಸಸಿಯ ಚಿಗುರು ಕಡಿಯುವವೂ ಇವೆ.

ಇವು ರಾತ್ರಿ ತಿರುಗುವ ಜೀವಿಗಳು; ಹಗಲು ಬರೀ ಅಡಗಿರುತ್ತವೆ. ಅದಕ್ಕೇ ಈಗ ಊಟವಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಯಾರ ಬಾಯಲ್ಲಿ ಏನಿದೆ ಅಂತ ನೋಡುತ್ತೇನೆ. ತರಕಾರಿ ಮಡಿಯಲ್ಲಿ ಕಾಟ ಕಂಡರೆ ಸಂಜೆ ಒದ್ದೆ ಗೋಣಿತಟ್ಟು ಸುತ್ತಿಟ್ಟು, ಬೆಳಗ್ಗೆ ಅದರೊಳಗೆ ಸೇರಿಕೊಂಡವನ್ನು ಮೆಕ್ಕೆಜೋಳದ ಸಾಲಿಗೆ ಕೊಡವುತ್ತೇನೆ. ಅಲ್ಲಿ ಗರಿಯ ಹೊದಿಕೆ ತೆಗೆಯುವುದಿಲ್ಲ. ಶೇಂಗಾ ಹಾಕಿದ ಕಡೆ ಹೊದಿಸುವುದಿಲ್ಲ.